ಮಗುವಿನ ಮಾತು ಯಾರ ಕಿವಿಗೆ ಸೇರಬೇಕು?



ಬೇಸಿಗೆ ರಜೆ ಬಂತೆಂದರೆ ರವೀಂದ್ರನಗರದ ಮನೆಗಳಿಂದ ಮಕ್ಕಳು ಬ್ಯಾಟು, ರ‍್ಯಾಕೆಟ್ಟು ಹಿಡಿದು ಮುಂಜಾನೆಯೇ ಹೊರಡುತ್ತಾರೆ; ಕೆಲವರು ನೆಹರೂ ಕ್ರೀಡಾಂಗಣದತ್ತ, ಕೆಲವರು ನವುಲೆಯ ಕ್ರಿಕೆಟ್ ಮೈದಾನದತ್ತ. ಗುಂಡಪ್ಪ ವಿಶ್ವನಾಥರು ಹುಟ್ಟಿದ ಭದ್ರಾವತಿಯಲ್ಲಂತೂ ಆಟದ ಕನಸಿಗೆ ಕೊರತೆಯಿಲ್ಲ. ಆಟ ಕಲಿಸುವವರನ್ನು ನಾವು ಗುರುಸ್ಥಾನದಲ್ಲಿ ಇರಿಸಿ ಗೌರವಿಸುತ್ತೇವೆ; ಅವರಲ್ಲಿ ಬಹುಪಾಲು ಜನ ಆ ಗೌರವಕ್ಕೆ ಅರ್ಹರೇ. ಆದರೆ ಅಂಥ ಒಬ್ಬ ಗುರುವಿನ ಬಗ್ಗೆ ಮಗು ಒಂದು ದಿನ ಅಳುಕುತ್ತಾ ಏನನ್ನೋ ಹೇಳಿದರೆ? ಹೇಳದೆಯೇ ಮೈದಾನಕ್ಕೆ ಹೋಗಲು ಹಿಂಜರಿದರೆ? ಖಚಿತ ಸಾಕ್ಷ್ಯವಿಲ್ಲದೆ ಒಬ್ಬರ ಮೇಲೆ ದೂರು ಹೇಳುವುದು ಪಾಪವಲ್ಲವೇ ಎಂದು ಸಜ್ಜನರೂ ತಡವರಿಸುತ್ತಾರೆ. ಈ ಸಂಶಯ ಕ್ಷುಲ್ಲಕವಲ್ಲ. ಅದಕ್ಕೆ ನಿಧಾನವಾಗಿ ಉತ್ತರ ಹುಡುಕೋಣ.

2025ರಲ್ಲಿ ಬೆಂಗಳೂರಿನ ಹುಳಿಮಾವು ಪೊಲೀಸರು ಬ್ಯಾಡ್ಮಿಂಟನ್ ತರಬೇತುದಾರನೊಬ್ಬನನ್ನು ತನ್ನ ಬಳಿ ಕಲಿಯುತ್ತಿದ್ದ ಬಾಲಕಿಯ ಮೇಲೆ ದೌರ್ಜನ್ಯವೆಸಗಿದ ಆರೋಪದ ಮೇಲೆ ಬಂಧಿಸಿದರು. ಪತ್ರಿಕೆಗಳು ವರದಿ ಮಾಡಿದಂತೆ, ವಿಷಯ ಮೊದಲು ತಿಳಿದದ್ದು ಬಾಲಕಿಯ ಅಜ್ಜಿಗೆ. ತಮ್ಮ ಮೊಬೈಲಿನಿಂದ ಹೋದ ಚಿತ್ರವೊಂದನ್ನು ಕಂಡು ಅವರು ಮಗುವಿನ ತಂದೆತಾಯಿಗೆ ತಿಳಿಸಿದರು. 'ಮನೆಯ ಮಾನ ಹೋದೀತು' ಎಂದು ಆ ಹಿರಿಯ ಜೀವ ಮೌನವಾಗಿದ್ದಿದ್ದರೆ, ಆ ಮಗುವಿಗೆ ದಾರಿ ತೆರೆಯುತ್ತಿದ್ದವರು ಯಾರು?

ಶುಭಸಂದೇಶವನ್ನು ಓದುವ ನಮಗೆ ಇನ್ನೊಂದು ತೊಡಕಿದೆ. ತಪ್ಪು ಮಾಡಿದ ಸಹೋದರನನ್ನು ಮೊದಲು ಏಕಾಂತದಲ್ಲಿ ತಿದ್ದಬೇಕೆಂದು ಯೇಸುಸ್ವಾಮಿ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಬೋಧಿಸಿದ್ದಾರೆ. 'ಅವರನ್ನು ಕರೆಸಿ ಬುದ್ಧಿ ಹೇಳಿ ಮುಗಿಸೋಣ, ಸಂಘದ ಹೆಸರು ಕೆಡುವುದು ಬೇಡ' ಎನ್ನುವವರು ಈ ವಾಕ್ಯವನ್ನೇ ಆಶ್ರಯಿಸುತ್ತಾರೆ. ಆದರೆ ಅದೇ ಅಧ್ಯಾಯದಲ್ಲಿ, ಆ ಬೋಧನೆಗೂ ಮುನ್ನ, ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲನ್ನು ಕಟ್ಟುವ ಕಠಿಣ ಮಾತಿದೆ ಎಂಬುದನ್ನು ಮರೆಯಬಾರದು.

ಈ ಎರಡನ್ನೂ ಹೊಂದಿಸುವುದು ಹೇಗೆ? ಹದಿಮೂರನೇ ಶತಮಾನದಲ್ಲಿಯೇ ಸಂತ ಥಾಮಸ್ ಅಕ್ವಿನಾಸರು ಇದನ್ನು ವಿವೇಚಿಸಿದ್ದಾರೆ. ಗುಟ್ಟಾಗಿ ನಡೆಯುವ ಪಾಪಗಳಲ್ಲಿ ಅವರು ಎರಡು ಬಗೆಯನ್ನು ಗುರುತಿಸುತ್ತಾರೆ. ಪಾಪಿಗೆ ಮತ್ತು ಹಾನಿಗೊಳಗಾದ ಒಬ್ಬನಿಗೆ ಸೀಮಿತವಾದ ತಪ್ಪಿಗೆ ಏಕಾಂತದ ತಿದ್ದುಪಡಿ ಸಾಕು. ಆದರೆ ಮರೆಯಲ್ಲಿದ್ದು ಇತರರಿಗೆ ಕೇಡನ್ನು ತರುವ ತಪ್ಪಾದರೆ, ಗುಟ್ಟಿನ ಬುದ್ಧಿಮಾತಿನಿಂದಲೇ ಕೇಡು ನಿಲ್ಲುವುದೆಂಬ ದೃಢ ಭರವಸೆ ಇಲ್ಲದ ಹೊರತು, ಕೂಡಲೇ ಸಂಬಂಧಪಟ್ಟವರಿಗೆ ತಿಳಿಸಬೇಕು. ಮಕ್ಕಳ ನಡುವೆ ದಿನವೂ ನಿಲ್ಲುವವನ ವಿಷಯದಲ್ಲಿ ಅಂಥ ಭರವಸೆ ಯಾರಿಗಿದೆ? ಇಂದು ಒಂದು ಮಗು. ನಾಳೆ ಪಕ್ಕದ ಬೀದಿಯ ಮಗು.

ನಮ್ಮ ದೇಶದ ಕಾನೂನೂ ಹೀಗೆಯೇ ಹೇಳುತ್ತದೆ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರಷ್ಟೇ ಅಲ್ಲ, ನಡೆಯಬಹುದೆಂಬ ಆತಂಕವಿರುವವರೂ ಪೊಲೀಸರಿಗೆ ತಿಳಿಸಬೇಕು. ತಿಳಿಸದವರಿಗೆ ಆರು ತಿಂಗಳವರೆಗೆ, ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸವುಂಟು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಸಾಕ್ಷ್ಯವನ್ನು ಕಲೆಹಾಕುವುದು ನಿಮ್ಮ ಹೊಣೆಯಲ್ಲ.

ನಿರಪರಾಧಿಯ ಮಾನ ಹೋದರೆ ಎಂಬ ಪ್ರಶ್ನೆ ಉಳಿಯುತ್ತದೆ. 2014ರಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರ ಪ್ರಕರಣದಲ್ಲಿ ಮೊದಲು ಬಂಧಿತರಾದವರು ಸ್ಕೇಟಿಂಗ್ ತರಬೇತುದಾರ. ಅವರ ಹೆಸರು ಊರೆಲ್ಲ ಹರಡಿತು. ಮುಂದಿನ ತನಿಖೆ ಬೇರೆಯವರತ್ತ ತಿರುಗಿತು. ಅದೇ ಪ್ರಕರಣದಲ್ಲಿ, ವಿಷಯವನ್ನು ಪೊಲೀಸರಿಗೆ ತಿಳಿಸಲಿಲ್ಲವೆಂಬ ಆರೋಪದ ಮೇಲೆ ಶಾಲೆಯ ಅಧ್ಯಕ್ಷರೂ ಬಂಧಿತರಾದರು. ಒಂದೇ ಘಟನೆಯಿಂದ ಎರಡು ಪಾಠಗಳು: ತಿಳಿಸದಿರುವುದು ತಪ್ಪು, ತೀರ್ಪು ಕೊಡಲು ಹೊರಡುವುದೂ ತಪ್ಪು. ಬೀದಿಯಲ್ಲಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಸರು ಹೇಳಿದರೆ ಅದು ಪರನಿಂದೆ. ಕೇಳಬೇಕಾದವರಿಗೆ ಮಾತ್ರ ಹೇಳಿದರೆ ಅದು ಕರ್ತವ್ಯ. ಮಾತು ಒಂದೇ, ಸೇರುವ ಕಿವಿ ಬೇರೆ.

ಹಾಗಾದರೆ ಮಾಡಬೇಕಾದುದೇನು? ಮಗು ಹೇಳುವುದನ್ನು ಗದರಿಸದೆ, ಅಡ್ಡಪ್ರಶ್ನೆ ಹಾಕದೆ ಕೇಳಿರಿ. 'ಯಾರಿಗೂ ಹೇಳುವುದಿಲ್ಲ' ಎಂದು ಮಾತು ಕೊಡಬೇಡಿರಿ. 'ನಿನಗೆ ನೆರವಾಗುವವರಿಗೆ ಮಾತ್ರ ಹೇಳುತ್ತೇನೆ' ಎನ್ನಿರಿ. ಮಗು ಆಡಿದ ಮಾತನ್ನೇ ದಿನಾಂಕದೊಡನೆ ಬರೆದಿಡಿ. ಆ ವ್ಯಕ್ತಿಯ ಬಳಿಗೆ ನೀವೇ ಜಗಳಕ್ಕೆ ಹೋಗಬೇಡಿರಿ. ಅದು ಮಗುವನ್ನು ಬೆದರಿಸಲು, ಸಾಕ್ಷ್ಯ ಅಳಿಸಲು ಅವಕಾಶ ಕೊಡುತ್ತದೆ. ಪೊಲೀಸರಿಗೆ ತಿಳಿಸಿರಿ, 1098 ಮಕ್ಕಳ ಸಹಾಯವಾಣಿಯೂ ಇದೆ. ಹೊಡೆತ, ಅವಮಾನಗಳಂಥ ಬೇರೆ ಬಗೆಯ ಹಿಂಸೆಗೂ ಅದೇ ಸಂಖ್ಯೆ. ಪೋಕ್ಸೋ ಪ್ರಕರಣಗಳಲ್ಲಿ ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಸ್ಥಳದಲ್ಲಿ, ಸಮವಸ್ತ್ರವಿಲ್ಲದೆ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು. ಮಗುವಿನ ಗುರುತನ್ನು ಮಾಧ್ಯಮಗಳು ಬಯಲುಮಾಡುವಂತಿಲ್ಲ.

ಕ್ರೀಡಾ ಸಂಘಗಳೂ, ಪಂದ್ಯಾವಳಿ ನಡೆಸುವ ನಮ್ಮ ಧರ್ಮಕೇಂದ್ರಗಳೂ ಯಾರಿಗೆ ತಿಳಿಸಬೇಕೆಂಬುದನ್ನು ಮಕ್ಕಳ ಕಣ್ಣಿಗೆ ಬೀಳುವಂತೆ ಬರೆದು ಹಾಕಲಿ. ಪರವೂರಿನ ಪಂದ್ಯಕ್ಕೆ ಮಗು ಒಬ್ಬನೇ ಹಿರಿಯನೊಡನೆ ಹೋಗದಿರಲಿ. ಹೆಸರು ಉಳಿಸಿಕೊಳ್ಳಲೆಂದು ಮೌನ ವಹಿಸಿದೆಡೆ ಕೊನೆಗೆ ಹೆಸರೂ ಉಳಿಯಲಿಲ್ಲ, ಮಕ್ಕಳ ನೆಮ್ಮದಿಯೂ ಉಳಿಯಲಿಲ್ಲ ಎಂಬುದನ್ನು ಧರ್ಮಸಭೆಯೇ ನೋವಿನಿಂದ ಕಲಿತಿದೆ. ಆದ್ದರಿಂದಲೇ ಪೋಪ್ ಫ್ರಾನ್ಸಿಸರು 2019ರಲ್ಲಿ, ಇಂಥ ದೂರುಗಳನ್ನು ಮೇಲಧಿಕಾರಿಗಳಿಗೆ ತಿಳಿಸುವುದನ್ನು ಗುರುಗಳಿಗೂ ಸನ್ಯಾಸಿನಿಯರಿಗೂ ಕಡ್ಡಾಯಗೊಳಿಸಿದರು. ನಾಡಿನ ಕಾನೂನು ವಿಧಿಸುವ ಹೊಣೆಗೆ ಇದರಿಂದ ಚ್ಯುತಿಯಿಲ್ಲವೆಂದೂ ಸ್ಪಷ್ಟಪಡಿಸಿದರು.

ಇಂದು ಸಂಜೆ ನಿಮ್ಮ ಮಗು ಆಟ ಮುಗಿಸಿ ಮನೆಗೆ ಬಂದಾಗ, ಗೆದ್ದೆಯೋ ಸೋತೆಯೋ ಎಂದು ಕೇಳುವ ಮೊದಲು ಹೇಗಿತ್ತು ಎಂದು ಕೇಳಿರಿ. ಕೇಳಿದ ಮೇಲೆ ಉತ್ತರಕ್ಕಾಗಿ ಕಾಯಿರಿ.