ಯಾತ್ರೆಯೋ, ವಿಹಾರವೋ?

ಯಾತ್ರೆಗೂ ವಿಹಾರಕ್ಕೂ ಭೇದವೇನೆಂಬ ಪ್ರಶ್ನೆ ನಮ್ಮ ಹಿರಿಯರನ್ನು ಅಷ್ಟಾಗಿ ಕಾಡಿದಂತೆ ತೋರುವುದಿಲ್ಲ. ಅವರು ಬುತ್ತಿ ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ, ಇಲ್ಲವೆ ಚಕ್ಕಡಿಯಲ್ಲಿ ಹೊರಡುತ್ತಿದ್ದರು. ದಾರಿಯ ದಣಿವೇ ಯಾತ್ರೆಗೆ ಮುದ್ರೆಯೊತ್ತುತ್ತಿದ್ದಿತು. ಈಗ ನಸುಕಿನಲ್ಲಿ ವಾಹನವನ್ನೇರಿದರೆ ರಾತ್ರಿಯ ಊಟಕ್ಕೆ ಮನೆ ಸೇರಬಹುದು. ಅಷ್ಟರೊಳಗೆ ಒಂದು ಪುಣ್ಯಸ್ಥಳ, ಒಂದು ಐತಿಹಾಸಿಕ ಸ್ಥಳ, ಬೆಟ್ಟದ ಮೇಲಿನ ಒಂದು ನೋಟ, ಇಷ್ಟನ್ನೂ ಮುಗಿಸಬಹುದು. ‘ಮುಗಿಸಬಹುದು’ ಎಂಬ ಈ ಮಾತಿನಲ್ಲಿಯೇ ವಿಚಾರ ಮಾಡತಕ್ಕ ಸಂಗತಿ ಅಡಗಿದೆ.

ಪ್ರಸಾದನಿಲಯದಲ್ಲಿ ಓದಿ ಹೊರಬಂದ ಕೆಲವರು ತಮ್ಮ ಮಕ್ಕಳು ಮೊಮ್ಮಕ್ಕಳೊಡನೆ ಇಂಥದೊಂದು ದಿನದ ಪ್ರವಾಸವನ್ನು ಯೋಚಿಸಿದ್ದಾರೆ. ಅವರು ಆರಿಸಿಕೊಂಡಿರುವುದು ಮುದ್ದೇಬಿಹಾಳ ತಾಲೂಕಿನ ತಂಗಡಗಿ, ಹೊಳೆಯಾಚೆಯ ಕೂಡಲಸಂಗಮ, ಹಾಗೂ ಐಹೊಳೆಯ ಮೇಗುತಿ ಬೆಟ್ಟ. ಆಯ್ಕೆ ಉಚಿತವಾದುದೇ. ಆದರೆ ಆಕ್ಷೇಪಗಳೂ ಬಂದವು. ಶರಣೆಯ ಐಕ್ಯಸ್ಥಳಕ್ಕೆ ಹೋಗುವಾಗ ರಕ್ತಪಾತದ ಕಥೆಯೇಕೆ ಎಂದರು ಕೆಲವರು. ಕಾಳಗದ ಕಥೆ ಕೇಳಿಸಿ ಎಳೆಯ ಮನಸ್ಸಿನಲ್ಲಿ ದ್ವೇಷ ಬಿತ್ತಬೇಡಿರೆಂದರು ಮತ್ತೆ ಕೆಲವರು. ಬೆಟ್ಟ ಹತ್ತುವುದಾದರೆ ಅದನ್ನು ಯಾತ್ರೆಯೆಂದು ಕರೆಯುವುದು ಬೇಡ, ವನಭೋಜನವೆನ್ನಿರಿ ಎಂದವರೂ ಉಂಟು. ಮೂರೂ ಮಾತುಗಳು ಹಗುರಾದವುಗಳಲ್ಲ.

ತಂಗಡಗಿಯ ಹೆಸರು ಎರಡು ಕಾರಣಗಳಿಂದ ಪ್ರಸಿದ್ಧವಾಗಿದೆ. ಬಸವಣ್ಣನವರ ಧರ್ಮಪತ್ನಿ ನೀಲಾಂಬಿಕೆ ಲಿಂಗೈಕ್ಯಳಾದ ಸ್ಥಳವೆಂದು ಶರಣ ಪರಂಪರೆ ಇದನ್ನು ಗೌರವಿಸುತ್ತದೆ. ಆ ತಾಯಿಯನ್ನು ಕರೆತಂದ ಹಡಪದ ಅಪ್ಪಣ್ಣನ ನೆನಪೂ ಇಲ್ಲಿಯೇ ನೆಲೆಸಿದೆ. ಇನ್ನೊಂದೆಡೆ, 1565ರ ಜನವರಿ 23ರಂದು ವಿಜಯನಗರದ ಭಾಗ್ಯವನ್ನು ನಿರ್ಣಯಿಸಿದ ಮಹಾಯುದ್ಧವನ್ನು ನಾವು ರಕ್ಕಸಗಿ-ತಂಗಡಗಿಯ ಯುದ್ಧವೆಂದು ಕರೆಯುತ್ತೇವೆ. ಶಾಲೆಯ ಪುಸ್ತಕದಲ್ಲಿ ಅದು ತಾಳೀಕೋಟೆಯ ಕದನ. ತಾಳೀಕೋಟೆಯು ಡೋಣಿ ನದಿಯ ದಂಡೆಯ ಊರು. ಸುಲ್ತಾನರ ಸೈನ್ಯಗಳು ಕೂಡಿ ಬೀಡುಬಿಟ್ಟದ್ದು ಅಲ್ಲಿ. ಕಾಳಗ ನಡೆದದ್ದು ಅಲ್ಲಿಂದ ಬಹುದೂರ, ಕೃಷ್ಣೆಯ ದಕ್ಷಿಣಕ್ಕೆ. ಇದೇ ನೆಲವೆಂದು ಬೆರಳು ತೋರಿಸುವುದಕ್ಕೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೀಗಾಗಿ ಮಾರ್ಗದರ್ಶಿಯಾದವನು ಯಾವುದೋ ಒಂದು ಹೊಲವನ್ನು ತೋರಿಸಿ ‘ರಾಮರಾಯ ಬಿದ್ದದ್ದು ಇಲ್ಲಿಯೇ’ ಎಂದರೆ ಅದು ಸುಳ್ಳಾಗುತ್ತದೆ. ಪ್ರವಾಸದ ಮೊದಲ ಧರ್ಮ ಇಲ್ಲಿಂದಲೇ ಆರಂಭವಾಗಬೇಕು.

ರಕ್ತಪಾತದ ನೆಲ ಅಪವಿತ್ರವೆಂಬ ಶಂಕೆಯನ್ನು ಶರಣರ ಅನುಯಾಯಿಗಳಾದವರು ಆಡುವುದು ವಿಚಿತ್ರವೇ ಸರಿ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಅಲ್ಲಗಳೆದ ಧರ್ಮ ನಮ್ಮದು. ಮರಣಕ್ಕೆ ಸೂತಕವಿಲ್ಲವಾದರೆ ಸತ್ತವರ ನೆಲಕ್ಕೆ ಎಲ್ಲಿಯದು? ಅಷ್ಟೇ ಅಲ್ಲ, ನೀಲಾಂಬಿಕೆ ತಂಗಡಗಿಗೆ ಬಂದುದಾದರೂ ಯಾವ ಹೊತ್ತಿನಲ್ಲಿ? ಹರಳಯ್ಯ ಮಧುವಯ್ಯರ ಮಕ್ಕಳ ವಿವಾಹ, ಅವರಿಗಾದ ಘೋರ ಶಿಕ್ಷೆ, ಬಿಜ್ಜಳನ ಕೊಲೆ, ಶರಣರ ಚದುರುವಿಕೆ, ಇವೆಲ್ಲ ಒಂದರ ಬೆನ್ನಿಗೊಂದು ನಡೆದ ಕಾಲವದು. ಪರಂಪರೆ ಎಣಿಸುವ 1167ಕ್ಕೂ ಮಹಾಯುದ್ಧದ 1565ಕ್ಕೂ ನಡುವೆ ಸುಮಾರು ನಾಲ್ಕು ಶತಮಾನಗಳಿವೆಯೆಂಬುದು ನಿಜ; ಆದರೆ ಐಕ್ಯಸ್ಥಳವು ಶಾಂತಿಯದು, ರಣಭೂಮಿಯು ಹಿಂಸೆಯದು ಎಂದು ಗೆರೆ ಕೊಯ್ದು ಬೇರ್ಪಡಿಸಲು ಬರುವುದಿಲ್ಲ. ಎರಡು ನೆನಪುಗಳಿಗೂ ಹಿಂಸೆಯ ನೆರಳು ತಾಗಿಯೇ ಇದೆ.

ಎರಡನೆಯ ಆಕ್ಷೇಪಕ್ಕೆ ಇಷ್ಟು ಸುಲಭದ ಉತ್ತರವಿಲ್ಲ. ಈ ಯುದ್ಧದ ಕಥೆಯನ್ನು ದ್ವೇಷಕ್ಕೆ ಬಳಸಿದವರಿದ್ದಾರೆ, ಬಳಸುವವರೂ ಇದ್ದಾರೆ. ಅದಕ್ಕೆ ಹೆದರಿ, ಮಕ್ಕಳೆದುರಿಗೆ ನಡೆದುದನ್ನೇ ಮುಚ್ಚಿಡುವ ಸಜ್ಜನರೂ ಇದ್ದಾರೆ. ನನ್ನ ಮಟ್ಟಿಗೆ ಎರಡೂ ಒಂದೇ ತೆರನ ಅಪಚಾರಗಳು. ಅಳಿಯ ರಾಮರಾಯನನ್ನು ಹಿಡಿದು ಹುಸೇನ್ ನಿಜಾಮಶಾಹನ ಮುಂದೆ ಶಿರಚ್ಛೇದ ಮಾಡಿದರು, ಸಹೋದರ ವೆಂಕಟಾದ್ರಿ ಮಡಿದನು, ಇನ್ನೊಬ್ಬ ಸಹೋದರ ತಿರುಮಲನು ಅರಸ ಸದಾಶಿವರಾಯನೊಡನೆ ಪೆನುಗೊಂಡೆಗೆ ಸರಿದನು, ರಾಜಧಾನಿ ಸೂರೆಹೋಯಿತು. 1567ರಲ್ಲಿ ಅಲ್ಲಿಗೆ ಬಂದ ವೆನಿಸ್ಸಿನ ವರ್ತಕ ಸೆಸಾರೆ ಫೆಡೆರಿಚಿ ನಿಂತ ಮನೆಗಳನ್ನು ಕಂಡ, ಅವುಗಳಲ್ಲಿ ವಾಸಿಸುವ ಜನರನ್ನು ಕಾಣಲಿಲ್ಲ. ಇದನ್ನೆಲ್ಲ ಹೇಳಲೇಬೇಕು.

ಆದರೆ ಇಲ್ಲಿಗೆ ನಿಲ್ಲಿಸಿದವನು ಅರ್ಧ ಸತ್ಯ ಹೇಳಿದಂತಾಯಿತು. ಗೋಲ್ಕೊಂಡೆಯ ಇಬ್ರಾಹಿಂ ಕುತುಬಶಾಹನು ಪಟ್ಟವೇರುವ ಮುನ್ನ ಸುಮಾರು 7 ವರ್ಷ ವಿಜಯನಗರದಲ್ಲಿ ಆಶ್ರಯ ಪಡೆದು ಬಾಳಿದವನು. ವಿಜಾಪುರದ ಮೊದಲನೆಯ ಅಲಿ ಆದಿಲಶಾಹನು ರಾಮರಾಯನ ನೆರವು ಬೇಡಿ ವಿಜಯನಗರಕ್ಕೆ ಬಂದಿದ್ದನು. ಮುಂದೆ ಇಬ್ಬರೂ ಕೂಡಿಯೇ ಅಹಮದ್‌ನಗರದ ಮೇಲೆ ದಂಡೆತ್ತಿ ಹೋದರು. ಸುಲ್ತಾನರು ತಮ್ಮತಮ್ಮಲ್ಲಿಯೇ ಬದ್ಧವೈರಿಗಳಾಗಿದ್ದರು. ಅವರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ತನ್ನ ಕೈ ಮೇಲಾಗಿಟ್ಟುಕೊಂಡದ್ದು ರಾಮರಾಯನ ಜಾಣ್ಮೆ. ಆ ಜಾಣ್ಮೆಗೆ ಬೇಸತ್ತೇ ಅವರು ಒಂದುಗೂಡಿದರು. ಒಂದುಗೂಡುವುದಕ್ಕೂ ಮದುವೆಯ ಗಂಟು ಬೇಕಾಯಿತು. ಹುಸೇನನ ಮಗಳು ಚಾಂದಬೀಬಿಯನ್ನು ಅಲಿಗೆ ಕೊಟ್ಟು, ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿತ್ತರು. ಬೀದರದ ಬರೀದಶಾಹನೂ ಕೂಡಿಕೊಂಡನು. ಬೀರಾರಿನವನು ಬರಲೇ ಇಲ್ಲ. ರಾಮರಾಯನ ದಂಡಿನಲ್ಲಿ ಮುಸಲ್ಮಾನ ಸರದಾರರಿದ್ದರು, ವಿಜಾಪುರದ ದಂಡಿನಲ್ಲಿ ಮರಾಠರಿದ್ದರು. ಇಬ್ಬರು ಮುಸಲ್ಮಾನ ಸರದಾರರು ರಣರಂಗದಲ್ಲಿ ಪಕ್ಷ ಬದಲಿಸಿದರೆಂದು ಆ ವೆನಿಸ್ಸಿನ ವರ್ತಕನೇ ಬರೆದಿದ್ದಾನೆ. ಫಿರಂಗಿ ಹಾಗೂ ಕುದುರೆಪಡೆಯ ಮೇಲುಗೈಯೇ ಸೋಲಿಗೆ ಮುಖ್ಯ ಕಾರಣವೆನ್ನುವ ಇತಿಹಾಸಕಾರರೂ ಇದ್ದಾರೆ. ಮಕ್ಕಳು ಎರಡನ್ನೂ ಕೇಳಲಿ. ಅಲಿಯ ತರುವಾಯ 1580ರಲ್ಲಿ ವಿಜಾಪುರದ ಗದ್ದುಗೆಯೇರಿದ ಅವನ ತಮ್ಮನ ಮಗ ಎರಡನೆಯ ಇಬ್ರಾಹಿಮನು ಸರಸ್ವತಿಯನ್ನು ಸ್ತುತಿಸಿ ಪದ ಕಟ್ಟಿದನು, ಜಗದ್ಗುರುವೆನಿಸಿಕೊಂಡನು. ಯುದ್ಧಕ್ಕೂ ಇದಕ್ಕೂ ನಡುವೆ ಒಂದು ತಲೆಮಾರೂ ಪೂರ್ತಿಯಾಗಿ ಕಳೆದಿರಲಿಲ್ಲ.

ನಮ್ಮವರಿಗೆ ವಿಜಯನಗರದ ಮೇಲೆ ಸಹಜವಾದ ಮಮತೆಯಿದೆ. ಪ್ರೌಢದೇವರಾಯನ ಕಾಲದಲ್ಲಿ ಶರಣ ಸಾಹಿತ್ಯ ಮತ್ತೆ ಚಿಗುರಿತು. ‘ಶಿವತತ್ತ್ವಚಿಂತಾಮಣಿ’ಯನ್ನು ರಚಿಸಿದ ಲಕ್ಕಣ್ಣ ದಂಡೇಶನು ಆತನ ದಂಡನಾಯಕನಾಗಿದ್ದನು. ಈ ಮಮತೆ ತಪ್ಪಲ್ಲ. ಮಮತೆಯ ಕಣ್ಣಿಗೆ ಎದುರಾಳಿಯ ಹೆಣ ಕಾಣಿಸದೆ ಹೋದರೆ ಮಾತ್ರ ತಪ್ಪು. ನಿಜಾಮಶಾಹನ ಫಿರಂಗಿಗಳಿಗೆ ಗುಂಡಿನ ಬದಲು ತಾಮ್ರದ ನಾಣ್ಯಗಳನ್ನು ತುಂಬಿ ಹಾರಿಸಿದರೆಂದು ಫೆರಿಷ್ತಾ ಬರೆಯುತ್ತಾನೆ. ಆ ದುಡ್ಡು ಯಾವ ರೈತನ ಕಂದಾಯವೋ. ಅದು ತಗುಲಿ ಬಿದ್ದವನೂ ರೈತನ ಮಗನೇ ಇದ್ದಾನು. ಎರಡೂ ಪಾಳೆಯಗಳಲ್ಲಿ ಹೆಸರು ಉಳಿದವರು ಬೆರಳೆಣಿಕೆಯಷ್ಟು ಜನ. ಕುದುರೆಗೆ ಹುಲ್ಲು ಹೊತ್ತವರ, ಎತ್ತು ಹೊಡೆದವರ ಹೆಸರನ್ನು ಯಾವ ಬಖೈರೂ ಬರೆದಿಲ್ಲ.

ಇನ್ನು ಬೆಟ್ಟ. ಮೇಗುತಿಯನ್ನು ಹತ್ತುವುದು ಬರಿಯ ವನಭೋಜನವೆಂದವರು ಅದರ ಗೋಡೆಯ ಶಾಸನವನ್ನು ನೆನೆದಂತಿಲ್ಲ. ಬೆಟ್ಟದ ನೆತ್ತಿಯ ಮೇಲಿನ ಜಿನಾಲಯವನ್ನು ಕಟ್ಟಿಸಿದ ರವಿಕೀರ್ತಿಯು ಶಕವರ್ಷ 556ರಲ್ಲಿ, ಎಂದರೆ ಕ್ರಿ.ಶ. 634ರ ಸುಮಾರಿಗೆ, ಇಮ್ಮಡಿ ಪುಲಿಕೇಶಿಯ ದಿಗ್ವಿಜಯವನ್ನು ಸಂಸ್ಕೃತದಲ್ಲಿ ಹಾಡಿ, ಹಳಗನ್ನಡ ಲಿಪಿಯಲ್ಲಿ ಕಲ್ಲಿಗೆ ಹತ್ತಿಸಿದನು. ಉತ್ತರಾಪಥದ ಹರ್ಷನು ಸೋತ ವಾರ್ತೆ ಅದರಲ್ಲಿದೆ. ತನ್ನನ್ನು ಕಾಳಿದಾಸ ಭಾರವಿಯರಿಗೆ ಸಮನೆಂದು ಕವಿ ಹೇಳಿಕೊಂಡಿದ್ದಾನೆ. ಅಹಿಂಸೆಯೇ ಪರಮಧರ್ಮವೆಂದ ಜಿನನ ಗುಡಿಯ ಗೋಡೆಯ ಮೇಲೆ ರಣವಿಜಯದ ಕಾವ್ಯ! ಮಕ್ಕಳಿಗೆ ಈ ವಿರೋಧಾಭಾಸವನ್ನು ತೋರಿಸಿ ಸುಮ್ಮನಿರಬೇಕು, ತಾವೇ ಕೇಳಲಿ. ಅಲ್ಲಿಯೇ ಬೌದ್ಧರ ಎರಡು ಅಂತಸ್ತಿನ ವಿಹಾರವಿದೆ, ಅದಕ್ಕೂ ಪ್ರಾಚೀನವಾದ ಕಲ್ಗೋರಿಗಳಿವೆ, ಸುತ್ತಲೂ ಕೋಟೆಯ ಗೋಡೆಯಿದೆ. ಕೆಳಗಿನ ಪ್ರಸಿದ್ಧ ದುರ್ಗಗುಡಿಗೆ ಆ ಹೆಸರು ಬಂದುದು ದುರ್ಗಾದೇವಿಯಿಂದಲ್ಲ, ಪಕ್ಕದ ದುರ್ಗದಿಂದ, ಕೋಟೆಯಿಂದ. ಇನ್ನು ವೀರಗಲ್ಲುಗಳನ್ನು ನೋಡಿರಿ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಯುದ್ಧವನ್ನೂ ಧರ್ಮವನ್ನೂ ಒಂದೇ ಕಲ್ಲಿನಲ್ಲಿ ಕೂಡಿಸಿದವರು ಈ ಪ್ರವಾಸದ ಯೋಜಕರಲ್ಲ, ನಮ್ಮ ಪೂರ್ವಿಕರೇ.

ಬೆಟ್ಟದ ಮೇಲಿಂದ ಕಾಣುವ ಮಲಪ್ರಭೆಯ ಬಗೆಗೂ ಒಂದು ಮಾತು. ಪರಶುರಾಮನು ಕ್ಷತ್ರಿಯಸಂಹಾರ ಮಾಡಿ ಈ ಹೊಳೆಯಲ್ಲಿ ಕೊಡಲಿಯನ್ನು ತೊಳೆದನಂತೆ. ಕೆಂಪಾದ ನೀರನ್ನು ಕಂಡ ಹೆಂಗಳೆಯರು ಅಯ್ಯೋ ಹೊಳೆಯೇ ಎಂದುದರಿಂದ ಐಹೊಳೆಯೆಂಬ ಹೆಸರಂತೆ. ಶಾಸನಗಳಲ್ಲಿ ಅಯ್ಯಾವೊಳೆಯೆಂದಿರುವ ಊರಿಗೆ ಇದು ಜನರು ಕಟ್ಟಿದ ಕಥೆ. ಆದರೂ ಕಥೆಯಲ್ಲಿ ಮರುಗಿದವರು ನೀರು ತರಲು ಬಂದ ಹೆಂಗಸರು ಎಂಬುದನ್ನು ಗಮನಿಸಬೇಕು. ಶಾಸನದ ಕವಿ ಗೆದ್ದವನನ್ನು ಹಾಡಿದ. ಊರಿನ ಜನ ನೆನಪಿಟ್ಟದ್ದು ಆ ಉದ್ಗಾರವನ್ನು. ಅದೇ ಹೊಳೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

ಈ ಕೃಷ್ಣೆಯ ದಡದಲ್ಲಿಯೇ ನಮ್ಮ ಪ್ರಶ್ನೆಯ ಗಂಟು ಇದೆ. 1565ರಲ್ಲಿ ಸುಲ್ತಾನರಿಗೆ ಹೊಳೆ ದಾಟುವುದೇ ದೊಡ್ಡ ಸಮಸ್ಯೆಯಾಗಿತ್ತು. ಹಾಯ್ದಾಟಿನ ಸ್ಥಳವನ್ನು ರಾಮರಾಯನ ದಂಡು ಕಾಯುತ್ತಿತ್ತು. ಫೆರಿಷ್ತಾ ಹೇಳುವಂತೆ, ಅವರು ಬೇರೆಡೆ ದಾಟುವವರಂತೆ ನಟಿಸಿ ಮೂರು ದಿನ ದಡದುದ್ದಕ್ಕೂ ನಡೆದರು. ಎದುರು ದಡದಲ್ಲಿ ವಿಜಯನಗರದ ಸೈನ್ಯವೂ ಅವರ ಜೊತೆಗೇ ನಡೆಯಿತು. ಆಗ ಅವರು ಥಟ್ಟನೆ ಹಿಂದಿರುಗಿ, ಕಾವಲು ಬಿಟ್ಟ ಮೊದಲಿನ ಹಾಯ್ದಾಟಿನಲ್ಲಿಯೇ ದಾಟಿಬಿಟ್ಟರು. ಇದೇ ಹೊಳೆಯ ದಡಕ್ಕೆ ನಾಲ್ಕು ಶತಮಾನ ಮೊದಲು ಬಂದ ನೀಲಾಂಬಿಕೆ ದಾಟಲಿಲ್ಲ. ಪರಂಪರೆ ಹೇಳಿಕೊಂಡು ಬಂದಂತೆ, ಸಂಗಮದಲ್ಲಿದ್ದ ಬಸವಣ್ಣನವರು ಅಪ್ಪಣ್ಣನನ್ನು ಕಳುಹಿ ಆಕೆಯನ್ನು ಕರೆಸಿದರು. ತಂಗಡಗಿಗೆ ಬರುವಷ್ಟರಲ್ಲಿ ಅವರು ಐಕ್ಯರಾದ ಸುದ್ದಿ ತಲುಪಿತು. ಆ ದಡದ ಸಂಗಯ್ಯ ಈ ದಡದಲ್ಲಿ ಇಲ್ಲವೇ ಎಂದು ಕೇಳಿ, ಆ ತಾಯಿ ನಿಂತಲ್ಲಿಯೇ ಬಯಲಾದಳು. ಕೈಗೆಟಕುವಷ್ಟು ಹತ್ತಿರ ಸಂಗಮ, ಹೋಗಲಿಲ್ಲ.

ಹಾಗಾದರೆ ನಾವು ತಂಗಡಗಿಗಾದರೂ ಏಕೆ ಹೋಗಬೇಕು? ದೇವರು ಕರಸ್ಥಲದಲ್ಲಿದ್ದಾನೆಂದು ನಂಬಿದವನಿಗೆ ಯಾತ್ರೆಯೇ ಅನಾವಶ್ಯಕವೆಂಬ ವಾದ ಬಲವಾದುದು. ನೀಲಾಂಬಿಕೆಯ ಐಕ್ಯಸ್ಥಳವೇ ಯಾತ್ರಿಕನ ಮೇಲೆ ಆ ಪ್ರಶ್ನೆಯನ್ನು ಹಾಕುತ್ತದೆ. ನನಗೆ ತೋರುವ ಉತ್ತರವಿಷ್ಟೆ: ದೇವರನ್ನು ಹುಡುಕಿ ಅಲ್ಲಿಗೆ ಹೋಗಬೇಕಾದುದಿಲ್ಲ. ಆದರೆ ಮನುಷ್ಯರು ಅಲ್ಲಿಗೆ ಬಂದಿದ್ದರು. ಅವರು ದಾಟಿದರು, ನಿಂತರು, ಕೊಂದರು, ಸತ್ತರು, ಒಂದು ಹೆಣ್ಣುಜೀವ ಬಯಲನ್ನು ಕೂಡಿತು. ಮನುಷ್ಯನು ಏನು ಮಾಡಬಲ್ಲನೆಂಬುದನ್ನು ಅವನು ಮಾಡಿದ ಜಾಗದಲ್ಲಿ ನಿಂತು ತಿಳಿಯುವುದು ಬೇರೆ, ಮನೆಯಲ್ಲಿ ಓದುವುದು ಬೇರೆ. ಈ ದೃಷ್ಟಿಯಿಂದ ರಣಭೂಮಿಯೂ ಐಕ್ಯಸ್ಥಳವೂ ಬೆಟ್ಟದ ಶಾಸನವೂ ಒಂದೇ ದಿನದಲ್ಲಿ ಕೂಡಬಹುದು; ಒಂದು ಇನ್ನೊಂದನ್ನು ಕೆಡಿಸುವುದಿಲ್ಲ. ಕೆಡಿಸುವುದು ಅವಸರ.

ಅದಕ್ಕಾಗಿಯೇ ಯೋಜಕರಲ್ಲಿ ಕೆಲವು ವಿನಂತಿಗಳು. ಮಾಗಿಯ ದಿನಗಳನ್ನು ಆರಿಸಿರಿ. ಈ ಸೀಮೆಯ ಬೇಸಗೆಯಲ್ಲಿ ಮೇಗುತಿಯ ಬಂಡೆಯ ಮೇಲೆ ಕಾಲಿಡಲಾಗದು. ನಸುಕಿನಲ್ಲಿಯೇ ಹೊರಟು ಬಿಸಿಲೇರುವ ಮುನ್ನ ಬೆಟ್ಟ ಹತ್ತಿ ಇಳಿಯಬೇಕು. ಹತ್ತಲಾಗದ ವೃದ್ಧರನ್ನು ವಾಹನದಲ್ಲಿ ಕೂಡಿಸಿ ಹೋಗುವುದು ಅನುಚಿತ. ಅವರೊಡನೆ ಕೆಳಗಿನ ಗುಡಿಗಳನ್ನು ನೋಡುವುದಕ್ಕೆ ಒಬ್ಬಿಬ್ಬರು ನಿಲ್ಲಲಿ. ದಾರಿಯಲ್ಲಿ ಅಮೀನಗಡ ಬರುತ್ತದೆ, ಕರದಂಟಿಗಾಗಿ ಗಾಡಿ ನಿಂತೇ ನಿಲ್ಲುತ್ತದೆ, ಅದನ್ನು ತಡೆಯಲು ಯಾರಿಂದಲೂ ಆಗದು. ಕಾಲು ಗಂಟೆ ಸಾಕೆಂದು ಮೊದಲೇ ಗೊತ್ತುಪಡಿಸಿರಿ. ಮಧ್ಯಾಹ್ನದ ಪ್ರಸಾದ ಸಂಗಮದಲ್ಲಿ. ನಾರಾಯಣಪುರದ ಜಲಾಶಯದ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಮಂಟಪವನ್ನು ಉಳಿಸಲು ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಹೋಗುವಾಗ ಮಕ್ಕಳ ಕೈ ಹಿಡಿದಿರಬೇಕು. ಅಲ್ಲಿ, ಕೃಷ್ಣೆಯ ಅಣೆಕಟ್ಟುಗಳಿಗಾಗಿ ಹೊಲ ಮನೆ ನೀರಿಗೆ ಬಿಟ್ಟು ಎದ್ದುಹೋದ ಊರುಗಳನ್ನೂ ಮಾರ್ಗದರ್ಶಿ ಒಂದು ಮಾತಿನಲ್ಲಿ ನೆನೆದರೆ ಲೇಸು.

ಯುದ್ಧದ ಕಥೆಯನ್ನು ಸಂಗಮದಲ್ಲಿಯೇ, ಊಟದ ತರುವಾಯ ನೆರಳಿನಲ್ಲಿ ಕುಳಿತು, ಪೂರ್ತಿಯಾಗಿ ಹೇಳಿ ಮುಗಿಸಿರಿ. ಪ್ರಶ್ನೆಗಳಿಗೆ ಅಲ್ಲಿ ಬಿಡುವು ಕೊಡಿರಿ, ಯಾರು ಸರಿ ಯಾರು ತಪ್ಪೆಂದು ಮಕ್ಕಳು ಜಗಳಾಡಿದರೆ ಆಡಲಿ. ಆಮೇಲೆ ಸೇತುವೆ ದಾಟಿ ಇಳಿಹೊತ್ತಿಗೆ ತಂಗಡಗಿ ಸೇರಬೇಕು. ಅಲ್ಲಿ ನೀಲಾಂಬಿಕೆಯ ಐಕ್ಯಸ್ಥಳದಲ್ಲಿ ಅರ್ಧ ಗಂಟೆ ಮಾರ್ಗದರ್ಶಿ ಮಾತಾಡಕೂಡದು, ಧ್ವನಿವರ್ಧಕವೂ ಬೇಡ. ಬೇಕಾದವರು ಲಿಂಗಪೂಜೆ ಮಾಡಿಕೊಳ್ಳಲಿ, ಬೇಡದವರು ನೀರನ್ನು ನೋಡುತ್ತ ಕೂಡಲಿ. ಕತ್ತಲಾಗುವ ಮುನ್ನ ಎಲ್ಲರೂ ಗಾಡಿಯಲ್ಲಿರುವಂತೆ ಎಣಿಸಿಕೊಂಡು ಹೊರಟರೆ, ರಾತ್ರಿಯ ಊಟಕ್ಕೆ ಮುದ್ದೇಬಿಹಾಳವನ್ನು ಸೇರಬಹುದು.