ಊರಿಲ್ಲದ ನಿಲ್ದಾಣ

ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದಲ್ಲಿ ಕೊಬೊರೊ ಎಂಬ ರೈಲು ನಿಲ್ದಾಣವಿದೆ. ಅದರ ಸುತ್ತ ಊರಿಲ್ಲ, ಮನೆಯಿಲ್ಲ, ವಾಹನ ಹೋಗುವಂಥ ರಸ್ತೆಯೂ ಇಲ್ಲ. ಒಂದು ಸುರಂಗದಿಂದ ಹೊರಬಿದ್ದ ಮುರೊರಾನ್ ಮಾರ್ಗದ ಹಳಿ ನೂರು ಮೀಟರಿಗೂ ಕಡಿಮೆ ದೂರ ಬಯಲಲ್ಲಿ ಸಾಗಿ ಇನ್ನೊಂದು ಸುರಂಗವನ್ನು ಹೊಗುತ್ತದೆ. ಆ ಚೂರು ಬೆಳಕಿನಲ್ಲೇ ನಿಲ್ದಾಣ. ಮೇಲೆ ಕಡಿದಾದ ಕಾಡುಗುಡ್ಡ, ಕೆಳಗೆ ಉಚಿಉರಾ ಕೊಲ್ಲಿ. ಎಕ್ಸ್‌ಪ್ರೆಸ್ ರೈಲುಗಳು ನಿಲ್ಲದೆ ಹಾದುಹೋಗುತ್ತವೆ. ದಿನಕ್ಕೆ ಬೆರಳೆಣಿಕೆಯಷ್ಟು ಲೋಕಲ್ ರೈಲುಗಳು ಮಾತ್ರ ಇಲ್ಲಿ ನಿಂತು ಬಾಗಿಲು ತೆರೆಯುತ್ತವೆ.

ಇದು ಪ್ರಯಾಣಿಕರಿಗಾಗಿ ಹುಟ್ಟಿದ್ದೇ ಅಲ್ಲ. 1943ರಲ್ಲಿ, ಯುದ್ಧದ ನಡುವೆ, ಒಂಟಿ ಹಳಿಯ ಮೇಲೆ ಎದುರುಬದುರು ಬರುವ ರೈಲುಗಳ ಕ್ರಾಸಿಂಗ್‌ಗೆಂದು ಇಲ್ಲೊಂದು ಸಿಗ್ನಲ್ ಠಾಣೆ ಮಾಡಿದರು. ಮುಂದೆ ಹಳಿ ಜೋಡಿಯಾಯಿತು, ಆ ಕೆಲಸವೂ ತೀರಿತು. 1987ರಲ್ಲಿ ಸರ್ಕಾರಿ ರೈಲ್ವೆಯನ್ನು ಒಡೆದು ಬೇರೆ ಬೇರೆ ಕಂಪನಿಗಳಿಗೆ ಹಂಚಿದಾಗ ಕೊಬೊರೊಗೆ ನಿಲ್ದಾಣವೆಂಬ ಪಟ್ಟ ಸಿಕ್ಕಿತು. 2015ರಲ್ಲಿ ರೈಲ್ವೆ ಕಂಪನಿ ಇದನ್ನು ಮುಚ್ಚುವ ಮಾತೆತ್ತಿತು. ಆಗ ತಡೆದು ನಿಂತದ್ದು ಟೊಯೊಉರಾ. ಚಿಪ್ಪುಮೀನು, ಸ್ಟ್ರಾಬೆರಿ ಬೆಳೆದು ಬದುಕುವ, ನಾಲ್ಕು ಸಾವಿರದ ಆಸುಪಾಸಿನ ಜನರ ಪಟ್ಟಣ. 2016ರ ಏಪ್ರಿಲ್‌ನಿಂದ ನಿಲ್ದಾಣದ ನಿರ್ವಹಣೆಯ ಖರ್ಚು ಅದರದ್ದೇ.

ಅದೇ ವರ್ಷದ ಮಾರ್ಚ್ 26ರಂದು, ಅದೇ ದ್ವೀಪದಲ್ಲಿ, ಕ್ಯೂ-ಶಿರತಾಕಿ ಎಂಬ ನಿಲ್ದಾಣ ಮುಚ್ಚಿತು. ಒಬ್ಬಳೇ ಶಾಲಾ ಹುಡುಗಿಗಾಗಿ ರೈಲು ನಿಲ್ಲಿಸುವ ನಿಲ್ದಾಣ ಎಂಬ ಕಥೆ ನಮ್ಮ ಮೊಬೈಲುಗಳಿಗೂ ಬಂದಿತ್ತಲ್ಲ, ಅದು ಇದೇ. ಜಪಾನಿನಲ್ಲಿ ಶಾಲಾ ವರ್ಷ ಮುಗಿಯುವುದೂ ಮಾರ್ಚ್‌ನಲ್ಲಿ, ರೈಲಿನ ವೇಳಾಪಟ್ಟಿ ಬದಲಾಗುವುದೂ ಮಾರ್ಚ್‌ನಲ್ಲಿ. ಹುಡುಗಿಯ ಓದು ಮುಗಿಯಿತು, ನಿಲ್ದಾಣವೂ ಮುಗಿಯಿತು. ಆ ಹೊಂದಿಕೆಯಲ್ಲಿ ಕಂಪನಿಯ ಕರುಣೆ ಎಷ್ಟು, ಕ್ಯಾಲೆಂಡರಿನ ಪಾಲು ಎಷ್ಟು ಎಂಬ ಚರ್ಚೆಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ ಸಂಗತಿ. ಹತ್ತಲು ಒಬ್ಬಳಾದರೂ ಇದ್ದ ನಿಲ್ದಾಣ ಹೋಯಿತು. ಹತ್ತುವವರೇ ಇಲ್ಲದ ನಿಲ್ದಾಣ ಉಳಿಯಿತು.

ಒಂದು ಜಾಗ ಉಳಿಯಲು ಅಗತ್ಯವೊಂದೇ ಕಾರಣವಾದರೆ, ಅಗತ್ಯ ತೀರಿದ ದಿನ ಅದೂ ತೀರುತ್ತದೆ. ಕೊಬೊರೊವನ್ನು ಹಿಡಿದಿರುವುದು ಮತ್ತೇನೋ. ಪ್ರವಾಸಿಗರು ಬರುತ್ತಾರೆ ಎನ್ನಬಹುದು. ಯಾರೂ ಇಲ್ಲದ ಜಾಗದಲ್ಲಿ ಇಳಿದು ನಿಲ್ಲಬೇಕೆಂದೇ ದೂರದೂರದಿಂದ ಬರುವವರಿದ್ದಾರೆ, ನಿಜ. ಆದರೆ ಇಲ್ಲಿ ಇಳಿದವರಿಗೆ ಒಂದು ಕಪ್ ಚಹಾ ಮಾರಲೂ ಅಂಗಡಿಯಿಲ್ಲ. ಲಾಭದ ಲೆಕ್ಕ ಇಷ್ಟು ದೂರ ನಡೆಯದು. ನಿಲ್ದಾಣದಿಂದ ಇಳಿಯುವ ಕಾಲುದಾರಿ ದಡದ ಗುಹೆಯೊಂದಕ್ಕೆ ಹೋಗುತ್ತದೆ. 1666ರಲ್ಲಿ ಹೊಕ್ಕೈಡೊಗೆ ಬಂದಿದ್ದ ಎಂಕು ಎಂಬ ಬೌದ್ಧ ಭಿಕ್ಷು ಅಲ್ಲಿ ಕನ್ನೋನ್ ದೇವತೆಯ ಮೂರ್ತಿ ಕೆತ್ತಿದನೆಂದು ಪ್ರತೀತಿ. ದರ್ಶನಕ್ಕೆ ಎಷ್ಟು ಜನ ಬಂದಾರು ಎಂದು ಅವನು ಎಣಿಸಿ ಉಳಿ ಹಿಡಿದಿರಲಾರ. ಟೊಯೊಉರಾದ ಜನರಲ್ಲೂ ಆ ಮನಸ್ಸಿನ ಅಂಶವಿದೆ ಎಂದು ನನಗನ್ನಿಸುತ್ತದೆ. ಜನಸಂಖ್ಯೆ ವರ್ಷವರ್ಷ ಕರಗುತ್ತಿರುವ ಸೀಮೆಯಲ್ಲಿ, ನಕ್ಷೆಯಿಂದ ಹೆಸರುಗಳು ಒಂದೊಂದಾಗಿ ಅಳಿಯುತ್ತಿರುವಾಗ, ಇದೊಂದು ನಮ್ಮದು, ಇದು ಇರಲಿ ಎಂದರು. ಅಷ್ಟು ಹೇಳಲು ಒಂದು ಊರಿಗೆ ಹಕ್ಕಿದೆ.

ಆದರೆ ಇಷ್ಟಕ್ಕೇ ಸಮಾಧಾನ ಮಾಡಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ. 2016ರ ನವೆಂಬರ್‌ನಲ್ಲಿ ಜೆಆರ್ ಹೊಕ್ಕೈಡೊ ಕಂಪನಿ ಸುಮಾರು 1,237 ಕಿಲೋಮೀಟರ್ ಮಾರ್ಗವನ್ನು, ಎಂದರೆ ತನ್ನ ಜಾಲದ ಹತ್ತಿರಹತ್ತಿರ ಅರ್ಧವನ್ನು, ತಾನೊಂದೇ ನಡೆಸಲಾರೆ ಎಂದು ಘೋಷಿಸಿತು. ಆ ಹಳಿಗಳ ಪಕ್ಕದಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಆಸ್ಪತ್ರೆಗೆ ಹೋಗಬೇಕಾದ ವಯಸ್ಸಾದವರಿದ್ದಾರೆ. ಇದು ಇರಲಿ ಎಂದು ಹೇಳುವ ಮನಸ್ಸು ಅವರ ಊರುಗಳಿಗೂ ಇದೆ. ಖರ್ಚು ಹೊರುವ ಶಕ್ತಿ ಎಲ್ಲಕ್ಕೂ ಇಲ್ಲ. ಟೊಯೊಉರಾ ಉಳಿಸಿಕೊಂಡದ್ದು ಒಂದು ಪ್ಲಾಟ್‌ಫಾರ್ಮ್. ಇಡೀ ಮಾರ್ಗವನ್ನು ಉಳಿಸುವ ಹೊಣೆಯನ್ನು ಅಂಥದೇ ಸಣ್ಣ ಊರುಗಳ ಪ್ರೀತಿಯ ಮೇಲೆ ಹೇರುವುದು ಅನ್ಯಾಯ. ಅದು ದೇಶ ಹಾಕಿದ ಹಳಿ, ದೇಶವೇ ಹೊರಬೇಕು.