ಆಳಕ್ಕಿಳಿಯುವ ಅಧಿಕಾರ

ಬೆಂಗಳೂರಿನ ಪಡುವಣ ಭಾಗದಲ್ಲಿರುವ ಮಾರೇನಹಳ್ಳಿಯು ಈಗ ಹೆಸರಿನಲ್ಲಿ ಮಾತ್ರವೇ ಹಳ್ಳಿ. ವಿಜಯನಗರದ ಬೀದಿಗಳು ಅದನ್ನು ಸುತ್ತುವರಿದು ಬಹುಕಾಲವಾಯಿತು. ಅಲ್ಲಿಯ ಗೃಹಸ್ಥರೊಬ್ಬರ ಹಿರಿಯ ಮಗನು ಕಳೆದ ವರ್ಷ ಗೆಳೆಯರೊಡನೆ ಮುರುಡೇಶ್ವರಕ್ಕೆ ಹೋಗಿ, ದೋಣಿಯಲ್ಲಿ ನೇತ್ರಾಣಿ ದ್ವೀಪವನ್ನು ಸೇರಿ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಕಡಲೊಳಗೆ ಇಳಿದು ಬಂದನು. ಹೊರಡುವ ಮುನ್ನ ತಂದೆಯು ಕೇಳಿದ ಪ್ರಶ್ನೆ ಒಂದೇ: ಹಿಂದಿರುಗುವ ರೈಲು ಎಷ್ಟು ಹೊತ್ತಿಗೆ? ಈ ವರ್ಷ ಕಾಲೇಜಿನಲ್ಲಿ ಓದುತ್ತಿರುವ ಕಿರಿಯ ಮಗಳು ಅದೇ ಅಪ್ಪಣೆಯನ್ನು ಬೇಡಿದಳು. ಅಣ್ಣನಿಗಿಂತ ಚೆನ್ನಾಗಿ ಈಜುವವಳು ಅವಳೇ ಎಂಬುದನ್ನು ಮನೆಯವರೆಲ್ಲರೂ ಬಲ್ಲರು. ಆದರೂ ಒಂದು ವಾರ ಮನೆಯಲ್ಲಿ ಬೇರೆ ಮಾತೇ ಇಲ್ಲವಾಯಿತು. ಜೊತೆಗೆ ಯಾರು? ಉಡುಪೆಂತಹದು? ಕಲಿಸುವವನು ಗಂಡಸೋ? ಮೈಬಣ್ಣ ಕಂದಿದರೆ? ನಾಳೆ ಹೆಣ್ಣು ಕೇಳಲು ಬಂದವರು ಏನೆಂದಾರು?

ಕಾರ್ಯವು ಒಂದೇ, ಕಡಲು ಒಂದೇ. ಪ್ರಶ್ನೆಗಳು ಮಾತ್ರ ಬೇರೆ. ಈ ಭೇದಕ್ಕೆ ಆಧಾರವೇನು ಎಂಬುದೇ ವಿಚಾರಣೀಯವಾದ ವಿಷಯ.

ಮೊದಲು ಕಾರ್ಯದ ಸ್ವರೂಪವನ್ನು ತಿಳಿಯಬೇಕು. ನೇತ್ರಾಣಿಯು ಭಟ್ಕಳ ತಾಲ್ಲೂಕಿಗೆ ಸೇರಿದ, ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರು ದೂರದ ಕಲ್ಲುದ್ವೀಪ. ಅದರ ಸುತ್ತಣ ನೀರಿನಲ್ಲಿ ಹವಳವೂ ಬಣ್ಣಬಣ್ಣದ ಮೀನುಗಳೂ ಇವೆ. ನೀರೊಳಗೆ ಉಸಿರಾಡಲು ಈಗ ಬಳಸುವ ಸ್ಕೂಬಾ ಸಲಕರಣೆಯನ್ನು ಫ್ರಾನ್ಸಿನಲ್ಲಿ 1943ರಲ್ಲಿ ಕೂಸ್ತೋ ಮತ್ತು ಗಾನ್ಯಾನ್ ಎಂಬಿಬ್ಬರು ರೂಪಿಸಿದರು. ಹತ್ತು ಮೀಟರು ಇಳಿದರೆ ಮೈಮೇಲಿನ ಒತ್ತಡವು ದಡದಲ್ಲಿದ್ದುದರ ಎರಡರಷ್ಟಾಗುತ್ತದೆ, ಇಪ್ಪತ್ತಕ್ಕೆ ಮೂರರಷ್ಟು. ಅಲ್ಲಿ ಸೇದಿದ ಉಸಿರನ್ನು ಬಿಗಿಹಿಡಿದು ಮೇಲೇರಿದವರ ಶ್ವಾಸಕೋಶವು ಹಿಗ್ಗಿ ಹರಿಯಬಹುದು. ಆದುದರಿಂದ ಉಸಿರನ್ನು ಕಟ್ಟಬಾರದು, ಅವಸರದಿಂದ ಏರಬಾರದು, ಒಬ್ಬರೇ ಇಳಿಯಬಾರದು. ಇವು ನೀರು ವಿಧಿಸಿದ ನಿಯಮಗಳು. ಇವುಗಳಲ್ಲಿ ಪುಲ್ಲಿಂಗ ಸ್ತ್ರೀಲಿಂಗಗಳಿಲ್ಲ.

ಯಾವ ಕರ್ಮಕ್ಕೆ ಯಾರು ಅಧಿಕಾರಿ ಎಂಬ ಚರ್ಚೆಯು ಈ ದೇಶಕ್ಕೆ ಹೊಸದಲ್ಲ. ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯವು ಇದಕ್ಕೇ ಮೀಸಲು. ಸ್ವರ್ಗವನ್ನು ಬಯಸುವವನು ಯಾಗಮಾಡಲಿ ಎಂಬ ವಿಧಿಯಲ್ಲಿ ಪುಲ್ಲಿಂಗವಿರುವುದರಿಂದ ಗಂಡಸಿಗೆ ಮಾತ್ರವೇ ಅಧಿಕಾರವೆಂದು ಐತಿಶಾಯನನ ಪಕ್ಷ. ಬಯಕೆಯು ಇಬ್ಬರಿಗೂ ಸಮಾನವಾಗಿರುವಾಗ ಭೇದಕ್ಕೆ ಕಾರಣವಿಲ್ಲ, ಹೆಂಗಸಿಗೂ ಅಧಿಕಾರವುಂಟೆಂದು ಬಾದರಾಯಣನ ಪಕ್ಷ. ಸಿದ್ಧಾಂತವಾಗಿ ನಿಂತದ್ದು ಇದೇ. ಮುಂದೆ ಅದೇ ಶಾಸ್ತ್ರವು ಪತಿಯೊಡನೆ ಕೂಡಿಯೇ ಮಾಡಬೇಕೆಂದು ಕಟ್ಟು ಹಾಕಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಅಧಿಕಾರವನ್ನು ಅಳೆಯಲು ಮೀಮಾಂಸಕರು ಇಟ್ಟ ಅಳತೆಗೋಲುಗಳು ಇಂದಿಗೂ ಸವೆದಿಲ್ಲ: ಬಯಕೆ ಇರಬೇಕು, ಶಕ್ತಿ ಇರಬೇಕು, ನಿಷೇಧ ಇರಬಾರದು. ಮಾರೇನಹಳ್ಳಿಯ ಹುಡುಗಿಗೆ ಬಯಕೆಯೂ ಉಂಟು, ಶಕ್ತಿಯೂ ಉಂಟು. ಇನ್ನು ನಿಷೇಧ. ಕಿವಿ, ಹೃದಯ, ಶ್ವಾಸಕೋಶಗಳ ಕೆಲವು ರೋಗಗಳುಳ್ಳವರು ಇಳಿಯಬಾರದು. ಗರ್ಭಿಣಿಯರೂ ಇಳಿಯಬಾರದೆಂದು ವೈದ್ಯರು ಹೇಳುತ್ತಾರೆ. ಈ ನಿಷೇಧಗಳು ದೇಹದ ಅವಸ್ಥೆಯನ್ನು ನೋಡಿ ಹುಟ್ಟಿದವು, ಗೌರವಕ್ಕೆ ಅರ್ಹವಾದವು. ಹೆಣ್ಣಾಗಿರುವುದೇ ಒಂದು ರೋಗವೆಂದು ಯಾವ ವೈದ್ಯರೂ ಬರೆದುಕೊಡಲಾರರು.

ಲೋಕದ ಅನುಭವವೂ ಇದಕ್ಕೆ ವಿರೋಧವಾಗಿಲ್ಲ. ಕೊರಿಯಾದ ಜೇಜು ದ್ವೀಪದಲ್ಲಿ ಸಿಲಿಂಡರಿನ ಸಹಾಯವೇ ಇಲ್ಲದೆ, ಉಸಿರು ಹಿಡಿದು ಮುಳುಗಿ, ಚಿಪ್ಪುಜೀವಿಗಳನ್ನು ತಂದು ಸಂಸಾರ ಸಾಗಿಸಿದವರು ಹೆಂಗಸರು. ಮುದುಕಿಯರೂ ಈ ಕಸುಬನ್ನು ಬಿಟ್ಟಿಲ್ಲ. ಯುನೆಸ್ಕೋ ಸಂಸ್ಥೆಯು 2016ರಲ್ಲಿ ಅವರ ವಿದ್ಯೆಯನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅಮೆರಿಕದಲ್ಲಿ 1970ರಲ್ಲಿ ಸಿಲ್ವಿಯಾ ಅರ್ಲ್ ಎಂಬ ವಿದುಷಿಯ ನಾಯಕತ್ವದಲ್ಲಿ ಐವರು ಸ್ತ್ರೀಯರು ಕಡಲ ತಳದ ಮನೆಯೊಂದರಲ್ಲಿ ಎರಡು ವಾರ ವಾಸಮಾಡಿದರು. ಗಂಡಸರ ತಂಡಗಳೊಡನೆ ಅವರನ್ನು ಬೆರೆಸದೆ ಪ್ರತ್ಯೇಕ ತಂಡವಾಗಿಯೇ ಕಳುಹಿಸಿದ್ದು ದಡದವರ ಸಂಕೋಚ, ನೀರಿನದಲ್ಲ.

ಆ ಮನೆಯಲ್ಲಿ ಎದ್ದ ಆಕ್ಷೇಪಗಳಲ್ಲಿ ಉಡುಪಿನದು, ಬಣ್ಣದ್ದು, ಸಂಬಂಧದವರ ಮಾತಿನದು ಬಹುಕಾಲ ನಿಲ್ಲತಕ್ಕವಲ್ಲ. ತಂದೆಯ ಒಂದು ಭಯವು ಮಾತ್ರ ಹಗುರವಾದುದಲ್ಲ. ಹೊಸಬರನ್ನು ಕಲಿಸುವವನು ಹಿಡಿದುಕೊಂಡೇ ಇಳಿಸಬೇಕು, ನೀರೊಳಗೆ ಕೂಗುವ ಹಾಗಿಲ್ಲ, ಅವನು ಸಜ್ಜನನಲ್ಲದಿದ್ದರೆ? ಇಂತಹ ಭಯವನ್ನು ನಕ್ಕು ತಳ್ಳಿಬಿಡುವವರಿಗೆ ಹೆಣ್ಣುಮಕ್ಕಳಿಲ್ಲವೆಂದು ಹೇಳಬೇಕು. ಆದರೆ ಅದಕ್ಕೆ ಪರಿಹಾರವು ಕಲಿಸುವವರ ನಡತೆಯ ಮೇಲೆ ಕಟ್ಟುನಿಟ್ಟು, ಹೆಂಗಸರಾದ ಶಿಕ್ಷಕಿಯರು, ಪರಿಚಿತರ ಜೊತೆ. ತಪ್ಪುಮಾಡುವವನನ್ನು ಬಿಟ್ಟು ತಪ್ಪಿಗೆ ಈಡಾದಾಳೆಂದು ಹುಡುಗಿಯನ್ನು ಮನೆಯಲ್ಲಿ ಕೂಡಿಹಾಕುವುದು, ನೆಗಡಿ ಬಂತೆಂದು ಮೂಗನ್ನು ಕೊಯ್ದುಕೊಂಡಂತೆ.

ಅಜ್ಜಿಯು ಉಡುಪಿನ ಮಾತನ್ನಾಗಲಿ ಮದುವೆಯ ಮಾತನ್ನಾಗಲಿ ಎತ್ತಲಿಲ್ಲ. "ಹೆಣ್ಣುಮಗು ನೀರಿಗಿಳಿಯುತ್ತೆ ಅಂದ್ರೆ ನನಗೆ ಎದೆ ಝಲ್ಲೆನ್ನುತ್ತೆ ಕಣೋ" ಎಂದಷ್ಟೇ ಮಗನೊಡನೆ ಹೇಳಿದಳು. ಈ ಮಾತಿನ ಹಿಂದೆ ಬಹಳ ಇದೆ. ಕನ್ನಡದಲ್ಲಿ ಹೆಂಗಸೊಬ್ಬಳು ಕೆರೆಯನ್ನೋ ಬಾವಿಯನ್ನೋ ನೋಡಿಕೊಂಡಳು ಎಂದರೆ ಅದಕ್ಕೆ ಅರ್ಥ ಒಂದೇ. ಕೆರೆಗೆ ಹಾರವಾದ ಭಾಗೀರಥಿಯ ಕಥೆಯನ್ನು ಕೇಳಿ ಕಣ್ಣೊರೆಸಿಕೊಳ್ಳದ ಮನೆಗಳಿರಲಿಲ್ಲ. ನೀರಿಗಿಳಿದ ಹೆಣ್ಣು ಮರಳಿ ಬರುವಳೆಂಬುದೇ ಆ ನೆನಪುಗಳಲ್ಲಿಲ್ಲ. ಇನ್ನೂ ಒಂದುಂಟು. ಹಳ್ಳಿಗಳಲ್ಲಿ ಗಂಡುಹುಡುಗರಿಗೆ ಬೆನ್ನಿಗೆ ಬೆಂಡು ಅಥವಾ ಸೋರೆಬುರುಡೆಯನ್ನು ಕಟ್ಟಿ ಬಾವಿಗೆ ತಳ್ಳಿ ಈಜು ಕಲಿಸುತ್ತಿದ್ದರು. ದಿನಕ್ಕೆ ನಾಲ್ಕು ಸಲ ಕೊಡ ಹೊತ್ತು ಅದೇ ಬಾವಿಯ ಮೆಟ್ಟಿಲಿಳಿಯುವ ಹುಡುಗಿಗೆ ಕಲಿಸುತ್ತಿದ್ದವರು ಅಪರೂಪ. ನೀರಿನ ಕೆಲಸವೆಲ್ಲ ಅವಳದು. ನೀರಿನ ವಿದ್ಯೆ ಅವಳದಲ್ಲ. ಕಾಲು ಜಾರಿದವಳು ಮುಳುಗಿದರೆ ವಿಧಿಯೆಂದರು. ಕಲಿಸದೆ ಇಟ್ಟದ್ದನ್ನೇ ಕಾಪಾಡಿದ್ದೆಂದು ತಿಳಿದ ಈ ಭ್ರಾಂತಿಯು ಎಷ್ಟು ಜೀವಗಳನ್ನು ತೆಗೆದುಕೊಂಡಿತೋ ಲೆಕ್ಕವಿಟ್ಟವರಿಲ್ಲ.

ವಾರದ ಕೊನೆಗೆ ತಂದೆಯು ಒಂದು ಮಧ್ಯಮಾರ್ಗವನ್ನು ಕಂಡುಹಿಡಿದನು: ಮಗಳು ಹೋಗಲಿ, ಕಾವಲಿಗೆ ಅಣ್ಣನೂ ಹೋಗಲಿ. ಆಗ ಆ ಹುಡುಗನು ಒಂದು ವರ್ಷ ಬಚ್ಚಿಟ್ಟಿದ್ದ ಸಂಗತಿಯನ್ನು ಹೊರಗೆಡಹಿದನು. ನೀರೊಳಗೆ ಹೆಬ್ಬೆರಳನ್ನು ಮೇಲಕ್ಕೆತ್ತುವುದೆಂದರೆ ಎಲ್ಲವೂ ಚೆನ್ನಾಗಿದೆ ಎಂದಲ್ಲ, ಮೇಲಕ್ಕೆ ಹೋಗೋಣ ಎಂದು. ಕಳೆದ ವರ್ಷ ನಾಲ್ಕೈದು ಮೀಟರು ಇಳಿಯುವಷ್ಟರಲ್ಲಿ ಅವನು ದಿಗಿಲುಬಿದ್ದಿದ್ದನು; ಗೆಳೆಯರು ನಕ್ಕಾರೆಂಬ ನಾಚಿಕೆಯಿಂದ ಹೆಬ್ಬೆರಳನ್ನೆತ್ತದೆ ಹಲ್ಲುಕಚ್ಚಿಕೊಂಡಿದ್ದನು. ಕಲಿಸುವವನೇ ಅವನ ಕಣ್ಣನ್ನು ನೋಡಿ ಕೈಹಿಡಿದು ಮೇಲೆ ತಂದನು. "ಅಪ್ಪ, ಕಾಯೋದಾದ್ರೆ ಅವಳೇ ನನ್ನನ್ನ ಕಾಯಬೇಕಾಗುತ್ತೆ" ಎಂದನು.

ಗಂಡಸು ಹೆದರಬಾರದೆಂಬ ಮಾತೂ ಹೆಂಗಸು ಇಳಿಯಬಾರದೆಂಬ ಮಾತೂ ಒಂದೇ ತಾಯಿಯ ಮಕ್ಕಳು. ಎರಡನೆಯದು ಒಬ್ಬಳನ್ನು ದಡದಲ್ಲಿ ನಿಲ್ಲಿಸುತ್ತದೆ. ಮೊದಲನೆಯದು ಒಬ್ಬನನ್ನು ಸಾವಿನ ಹತ್ತಿರಕ್ಕೆ ಒಯ್ಯುತ್ತದೆ. ಕಡಲಿಗಿಳಿಯುವ ಜೊತೆಗಾರರು ಇಳಿಯುವ ಮುನ್ನ ಒಬ್ಬರ ಸಲಕರಣೆಯನ್ನು ಇನ್ನೊಬ್ಬರು ಪರೀಕ್ಷಿಸಬೇಕೆಂಬ ವಿಧಿಯಿದೆ. ಒಬ್ಬರ ಗಾಳಿ ತೀರಿದರೆ ಇನ್ನೊಬ್ಬರದನ್ನು ಹಂಚಿಕೊಂಡು ಏರಬೇಕು. ಅಲ್ಲಿ ರಕ್ಷಕನೊಬ್ಬ, ರಕ್ಷಿತಳೊಬ್ಬಳು ಎಂಬ ವಿಭಾಗವೇ ಇಲ್ಲ. ತಂದೆ, ಪತಿ, ಪುತ್ರರು ಸರದಿಯಾಗಿ ಕಾಯಬೇಕೆಂದ ಮನುವು ಈ ವ್ಯವಸ್ಥೆಯನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ ಊಹಿಸುವುದು ಕಷ್ಟ.

ತಂದೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, ಇಬ್ಬರೂ ವೈದ್ಯರಲ್ಲಿಗೆ ಹೋಗಿ ಕಿವಿ, ಎದೆಗಳನ್ನು ತೋರಿಸಿಕೊಂಡು ಬರುವಂತೆ ಹೇಳಿದನು. ಮಳೆಗಾಲ ಹಿಡಿದರೆ ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಅಜ್ಜಿಯು ಮೊಮ್ಮಗಳನ್ನು ಹತ್ತಿರಕ್ಕೆ ಕರೆದು, ಮೀನಿಗೆ ರೆಪ್ಪೆ ಇಲ್ಲವಂತಲ್ಲ, ನಿದ್ದೆ ಹೇಗೆ ಮಾಡುತ್ತವೆಯೋ ಸರಿಯಾಗಿ ನೋಡಿಕೊಂಡು ಬಾ ಎಂದಳು.